ಐದು ವಾರದ ಕೋಳಿಮರಿಗಳು: ಜಂತುಹುಳುವಿನ ಔಷಧಿ ಯಾವಾಗ, ಹುಂಜವನ್ನು ಗುರುತಿಸುವುದು ಹೇಗೆ?

ಕಣಿವೆಮನೆ (ಮೂಡಿಗೆರೆ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಕಾಫಿ ತೋಟ. ಮನೆಯಲ್ಲಿ ನಾಟಿ ಕೋಳಿ ಮೊದಲಿನಿಂದಲೂ ಇದ್ದರೂ, ಒಂದು ದಿನದ ಮರಿಗಳನ್ನು ಹೊರಗಿನಿಂದ ತಂದು ಬೆಳೆಸುತ್ತಿರುವುದು ಇದೇ ಮೊದಲು. ಜೂನ್ ಮೊದಲ ವಾರದಲ್ಲಿ ಸ್ವರ್ಣಧಾರ ತಳಿಯ 30 ಮರಿಗಳನ್ನು ತಂದು, ಹಳೆಯ ದನದ ಕೊಟ್ಟಿಗೆಯ ಒಂದು ಭಾಗಕ್ಕೆ ತಗಡು ಅಡ್ಡ ಕಟ್ಟಿ, ಭತ್ತದ ಹೊಟ್ಟು ಹರಡಿ, ಬಲ್ಬಿನ ಕಾವಿನಲ್ಲಿ ಸಾಕಿದೆ. 7ನೇ ದಿನ ಕಣ್ಣಿಗೆ ಲಸೋಟಾ (ಕೊಕ್ಕರೆ ರೋಗ, ಅಂದರೆ ರಾಣಿಖೇತ್ ತಡೆಯುವ ಲಸಿಕೆ) ಹನಿ, 14ನೇ ದಿನ ಗಂಬೊರೊ ರೋಗದ ಲಸಿಕೆ, 28ನೇ ದಿನ ನೀರಿನಲ್ಲಿ ಮತ್ತೆ ಲಸೋಟಾ ಆಗಿದೆ. ಈಗ ಮರಿಗಳಿಗೆ 36 ದಿನ.

ಮಳೆ ಹಿಡಿದ ಮೇಲೆ, ಅಂದರೆ ಸುಮಾರು ಹನ್ನೆರಡು ದಿನಗಳ ಹಿಂದೆ, ಹೊರಗೆ ತಿರುಗುತ್ತಿದ್ದ ನಾಟಿ ಕೋಳಿಯೊಂದನ್ನು ಅದರ 9 ಮರಿಗಳ ಸಮೇತ ಇದೇ ಕೊಟ್ಟಿಗೆಯೊಳಕ್ಕೆ ಸೇರಿಸಿದೆ. ನಾಲ್ಕು ದಿನಗಳಿಂದ ಸ್ವರ್ಣಧಾರ ಮರಿಗಳಲ್ಲಿ ಆರೇಳು ಮರಿಗಳು ಗರಿ ಕೆದರಿಕೊಂಡು, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಲ್ಲುತ್ತಿವೆ. ಹಿಕ್ಕೆ ತೆಳ್ಳಗೆ ಕಂದುಗೆಂಪಾಗಿದೆ. ಎರಡು ಮರಿ ಸತ್ತವು. ಹೊಟ್ಟೆಯಲ್ಲಿ ಹುಳು ಆಗಿರಬೇಕು ಎಂದು ಪಕ್ಕದ ತೋಟದವರು ಹೇಳಿದ್ದರಿಂದ ಪೈಪರಜೀನ್ ತಂದು ನೀರಿನಲ್ಲಿ ಕೊಟ್ಟೆ. ಏನೂ ಗುಣ ಕಾಣಲಿಲ್ಲ. ಆಶ್ಚರ್ಯವೆಂದರೆ ನಾಟಿ ಕೋಳಿಯ ಒಂಬತ್ತು ಮರಿಗಳೂ ಚೆನ್ನಾಗಿಯೇ ಇವೆ. ಔಷಧಿಯನ್ನು ಇನ್ನೊಮ್ಮೆ ಕೊಡಬೇಕೇ, ಅಥವಾ ಬೇರೆ ಹುಳುವಿನ ಔಷಧಿ ಕೊಡಬೇಕೇ?

ಜೊತೆಗೆ ಇನ್ನೊಂದು ಪ್ರಶ್ನೆಯಿದೆ. ಮಹಾಲಯ ಅಮಾವಾಸ್ಯೆಗೆ ನೆಂಟರು ಮತ್ತು ಪಕ್ಕದ ಊರಿನವರು ಹುಂಜ ಕೇಳಿದ್ದಾರೆ. ಹ್ಯಾಟೆಗಳನ್ನು ಮೊಟ್ಟೆಗೆ ಉಳಿಸಿಕೊಳ್ಳಬೇಕೆಂದಿದ್ದೇನೆ. ಈ ವಯಸ್ಸಿನಲ್ಲಿ ಹುಂಜ ಯಾವುದು, ಹ್ಯಾಟೆ ಯಾವುದು ಎಂದು ಗುರುತಿಸಲು ಸಾಧ್ಯವೇ?

ಹಳೆಯ ಪರೀಕ್ಷಕ (ಹಾಸನ) ಉತ್ತರಿಸಿದ್ದು:

ನಾನು ಪಶುಪಾಲನಾ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವೈದ್ಯನಲ್ಲ, ಆದರೆ ಇಂಥ ಕೊಟ್ಟಿಗೆಗಳನ್ನು ಬಹಳ ನೋಡಿದ್ದೇನೆ. ನೀವು ವಿವರಿಸಿರುವುದು ಹುಳುವಿನ ತೊಂದರೆಯಲ್ಲ, ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್ ಎಂದೇ ನನ್ನ ಬಲವಾದ ಅನುಮಾನ. ಇದನ್ನು ಉಂಟುಮಾಡುವುದು ಐಮೀರಿಯಾ ಎಂಬ ಏಕಕೋಶ ಜೀವಿಯಾದ್ದರಿಂದ, ಪೈಪರಜೀನ್ ಆಗಲಿ ಮತ್ತಾವುದೇ ಜಂತುಹುಳುವಿನ ಔಷಧಿಯಾಗಲಿ ಅದನ್ನು ಮುಟ್ಟುವುದೂ ಇಲ್ಲ. ಆದ್ದರಿಂದ ಹುಳುವಿನ ಔಷಧಿಯನ್ನು ಇನ್ನೊಮ್ಮೆ ಕೊಡಬೇಡಿ.

ಇಷ್ಟು ಖಚಿತವಾಗಿ ಹೇಳಲು ಕಾರಣ ಲೆಕ್ಕಾಚಾರ. ಕೋಳಿಯ ದುಂಡುಹುಳು ಮೊಟ್ಟೆಯ ರೂಪದಲ್ಲಿ ಮರಿಯ ಹೊಟ್ಟೆ ಸೇರಿ, ಬೆಳೆದು, ತಾನೇ ಮೊಟ್ಟೆಯಿಡುವ ಹಂತಕ್ಕೆ ಬರಲು ಐದರಿಂದ ಎಂಟು ವಾರ ಬೇಕು. ಹೊಸ ಹೊಟ್ಟಿನ ಮೇಲೆ ಬೆಳೆದ, ನೆಲವನ್ನೇ ಕಾಣದ 36 ದಿನದ ಮರಿಗಳಲ್ಲಿ ಅದಕ್ಕೆ ಸಮಯವೇ ಸಿಕ್ಕಿಲ್ಲ. ರಕ್ತಭೇದಿಯ ಜೀವಿಗಾದರೆ ವಾರವೂ ಬೇಡ: ಹಿಕ್ಕೆಯಲ್ಲಿ ಬಿದ್ದ ಅದರ ಬೀಜಕೋಶ ತೇವ ಮತ್ತು ಬೆಚ್ಚನೆಯ ಹೊಟ್ಟಿನಲ್ಲಿ ಒಂದೆರಡು ದಿನಗಳಲ್ಲೇ ಹರಡಲು ಸಿದ್ಧವಾಗುತ್ತದೆ, ಮರಿಯ ಹೊಟ್ಟೆ ಸೇರಿದ ನಾಲ್ಕೈದು ದಿನಗಳಲ್ಲಿ ಹಿಕ್ಕೆಯಲ್ಲಿ ರಕ್ತ ಕಾಣಿಸುತ್ತದೆ. ಮೂರರಿಂದ ಆರು ವಾರದ ಮರಿಗಳೇ ಇದಕ್ಕೆ ಹೆಚ್ಚು ಬಲಿಯಾಗುವುದು. ನೀವು ತಾಯಿಕೋಳಿಯನ್ನು ಒಳಗೆ ಸೇರಿಸಿದ ದಿನದಿಂದ ಎಣಿಸಿ ನೋಡಿದರೆ ಲೆಕ್ಕ ಕೂಡಿಬರುತ್ತದೆ.

ನಾಟಿ ಮರಿಗಳು ಚೆನ್ನಾಗಿರುವುದಕ್ಕೂ ಕಾರಣ ಅಲ್ಲೇ ಇದೆ. ಬೆಳೆದ ಕೋಳಿ ತನಗೆ ಏನೂ ಆಗದಂತೆಯೇ ಈ ಜೀವಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಿಕ್ಕೆಯೊಂದಿಗೆ ಬಿಡುತ್ತಿರುತ್ತದೆ. ತಾಯಿಯ ಹಿಂದೆ ಹಿತ್ತಲಲ್ಲಿ ಕೆದಕಿದ ಮರಿಗಳು ಮೊದಲ ವಾರದಿಂದಲೇ ಇದನ್ನು ಸ್ವಲ್ಪಸ್ವಲ್ಪವಾಗಿ ತಿಂದು ರೋಗನಿರೋಧಕ ಶಕ್ತಿ ಬೆಳೆಸಿಕೊಂಡಿವೆ. ನಿಮ್ಮ ಸ್ವರ್ಣಧಾರ ಮರಿಗಳಿಗೆ ಐದನೇ ವಾರದಲ್ಲಿ ಒಮ್ಮೆಗೇ, ಅದೂ ಒದ್ದೆ ಹೊಟ್ಟಿನ ಮೇಲೆ, ದೊಡ್ಡ ಪ್ರಮಾಣದಲ್ಲಿ ಸಿಕ್ಕಿದೆ. ನಾಟಿ ಎಂದ ಮಾತ್ರಕ್ಕೆ ರೋಗ ಬರುವುದಿಲ್ಲ ಎಂದು ಯಾರೂ ತಿಳಿಯಬಾರದು.

ಔಷಧಿ ಆಂಪ್ರೋಲಿಯಂ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಶೇಕಡಾ 20ರ ಪುಡಿಯಾದರೆ ಒಂದು ಲೀಟರ್ ನೀರಿಗೆ 1.2 ಗ್ರಾಂನಂತೆ 5 ದಿನ, ಆಮೇಲೆ ಅದರ ಅರ್ಧ ಪ್ರಮಾಣದಲ್ಲಿ ಇನ್ನೊಂದು ವಾರ ಕೊಡುವುದು ರೂಢಿ. ನಿಮ್ಮ ಕೈಗೆ ಸಿಕ್ಕ ಪೊಟ್ಟಣದ ಸಾಂದ್ರತೆ ಬೇರೆಯಿದ್ದರೆ ಅದರ ಮೇಲಿನ ಸೂಚನೆಯನ್ನೇ ಅನುಸರಿಸಿ. ಬೇರೆ ನೀರು ಸಿಗದಂತೆ ನೋಡಿಕೊಳ್ಳಿ, ದಿನವೂ ಹೊಸದಾಗಿ ಕಲಸಿ. ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ: ಮರಿ ಸೊರಗಿದೆ ಎಂಬ ಮರುಕದಿಂದ ಬಿ-ಕಾಂಪ್ಲೆಕ್ಸ್ ದ್ರಾವಣವನ್ನೂ ಅದೇ ನೀರಿಗೆ ಸುರಿಯುತ್ತಾರೆ. ಆಂಪ್ರೋಲಿಯಂ ಕೆಲಸ ಮಾಡುವುದೇ ಆ ಜೀವಿಗೆ ಬಿ-1 ಜೀವಸತ್ವ ಸಿಗದಂತೆ ತಡೆದು. ನೀವು ಒಂದು ಕೈಯಲ್ಲಿ ತಡೆದದ್ದನ್ನು ಇನ್ನೊಂದು ಕೈಯಲ್ಲಿ ಕೊಟ್ಟಂತಾಗುತ್ತದೆ. ಜೀವಸತ್ವಗಳನ್ನು ಚಿಕಿತ್ಸೆ ಮುಗಿದ ಮೇಲೆ ಕೊಡಿ. ಮಂಕಾದ ಮರಿಗಳು ತಾವಾಗಿ ನೀರಿನ ಹತ್ತಿರ ಬರುವುದಿಲ್ಲವಾದ್ದರಿಂದ ಅವನ್ನು ಬೇರೆ ಮಾಡಿ, ಬೆಚ್ಚಗಿಟ್ಟು, ಕೊಕ್ಕನ್ನು ಮೆಲ್ಲಗೆ ನೀರಿಗೆ ಅದ್ದಿ ಕುಡಿಸಬೇಕು.

ಆದರೆ ಔಷಧಿಗಿಂತ ದೊಡ್ಡ ಕೆಲಸ ಹೊಟ್ಟಿನದು. ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಕೈ ಬಿಚ್ಚಿ: ಉಂಡೆಯಾಗಿಯೇ ಉಳಿದರೆ ಅದು ಒದ್ದೆ, ಮೆಲ್ಲಗೆ ಬಿರಿದು ಉದುರಿದರೆ ಸರಿಯಾಗಿದೆ. ಕೊಟ್ಟಿಗೆಯಲ್ಲಿ ನಿಂತು ಮೂಸಿದರೆ ಏನೂ ತಿಳಿಯುವುದಿಲ್ಲ. ಮರಿಗಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಒಂದು ನಿಮಿಷ ಉಸಿರಾಡಿ, ಕಣ್ಣು ಉರಿದರೆ ಮರಿಗಳು ಹಗಲಿರುಳೂ ಅದೇ ಗಾಳಿಯನ್ನು ಸೇವಿಸುತ್ತಿವೆ ಎಂದರ್ಥ. ಮಲೆನಾಡಿನಲ್ಲಿ ಇರಿಚಲು ಹೊಡೆಯುತ್ತದೆಂದು ನಾಲ್ಕೂ ಕಡೆ ಟಾರ್ಪಾಲು ಬಿಗಿದುಬಿಡುತ್ತಾರೆ, ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಟಾರ್ಪಾಲನ್ನು ಕೆಳಗಿನಿಂದ ಕಟ್ಟಿ, ಮೇಲೆ ಮಾಡಿನ ಕೆಳಗೆ ಒಂದಡಿಯಷ್ಟು ತೆರವು ಬಿಡಿ. ನೀರಿನ ಪಾತ್ರೆಯ ಸುತ್ತಲಿನ ಒದ್ದೆ ಹೊಟ್ಟನ್ನು ದಿನವೂ ಬಾಚಿ ಹೊರಹಾಕಿ ಒಣ ಹೊಟ್ಟು ಹಾಕಿ. ಪಾತ್ರೆಯ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಇಟ್ಟಿಗೆಯ ಮೇಲಿಡಿ. ತಾಯಿಕೋಳಿಯನ್ನೂ ಅದರ ಮರಿಗಳನ್ನೂ ಇಂದೇ ಬೇರೆ ಕಡೆಗೆ ಕಳುಹಿಸಿ.

ಇಷ್ಟೆಲ್ಲ ಹೇಳಿದ ಮೇಲೂ, ಇನ್ನೊಂದು ಮರಿ ಸತ್ತರೆ ಹೂಳಬೇಡಿ. ಅಂದೇ ಹತ್ತಿರದ ಪಶು ಆಸ್ಪತ್ರೆಗೆ ಒಯ್ದು ಕೊಯ್ಸಿ ನೋಡಿಸಿ. ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಬರಲು ಅನುಕೂಲವಿರುವವರು ಅಲ್ಲಿಗೂ ತರಬಹುದು.

ಕಲ್ಪತರು ಹಿತ್ತಲು (ಅರಸೀಕೆರೆ) ಉತ್ತರಿಸಿದ್ದು:

ರೋಗದ ವಿಷಯವನ್ನು ಮೇಲಿನವರು ಹೇಳಿದ್ದಾರೆ, ನಾನು ಹುಂಜ–ಹ್ಯಾಟೆಯ ವಿಷಯಕ್ಕೆ ಬರುತ್ತೇನೆ. ನಮ್ಮದು ತೆಂಗಿನ ತೋಟ, ಎಂಟು ವರ್ಷಗಳಿಂದ ಗಿರಿರಾಜ, ಸ್ವರ್ಣಧಾರ ಎರಡನ್ನೂ ಸಾಕುತ್ತಿದ್ದೇನೆ. ಮೊದಲ ವರ್ಷ ಆತುರಪಟ್ಟು ಏಳನೇ ವಾರದಲ್ಲೇ ಆರು ಹುಂಜ ಎಂದು ಲೆಕ್ಕ ಹಾಕಿ ನೆಂಟರಿಗೆ ಕೊಟ್ಟೆ. ಅದರಲ್ಲೊಂದು ಅವರ ಮನೆಯ ಸೌದೆ ಕೊಟ್ಟಿಗೆಯಲ್ಲಿ ಮೊಟ್ಟೆ ಇಟ್ಟಿತು. ಇಂದಿಗೂ ಅವರ ಮನೆಗೆ ಹೋದರೆ "ನಿನ್ನ ಹುಂಜ ಮೊಟ್ಟೆ ಇಟ್ಟಿದೆ ನೋಡಮ್ಮ" ಎಂದು ನಗುತ್ತಾರೆ.

ಐದು ಆರು ವಾರದಲ್ಲಿ ನೋಡಬೇಕಾದದ್ದು ಜುಟ್ಟನ್ನು. ಹಗಲಲ್ಲಿ ಮರಿ ಹಿಡಿಯಲು ಹೋದರೆ ಎಲ್ಲವೂ ಗಾಬರಿಯಾಗಿ ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಬೀಳುತ್ತವೆ, ಜುಟ್ಟಿಗೂ ರಕ್ತ ಏರುತ್ತದೆ. ರಾತ್ರಿ ಎಂಟರ ಮೇಲೆ, ಅವು ಕೂತಿರುವಾಗ, ಮೊಬೈಲಿನ ಬೆಳಕನ್ನು ನೇರವಾಗಿ ಬಿಡದೆ ಅಂಗೈಯಿಂದ ಅರ್ಧ ಮುಚ್ಚಿಕೊಂಡು ಒಂದೊಂದನ್ನೇ ಎತ್ತಿ ನೋಡಿ. ಹುಂಜಮರಿಯ ಜುಟ್ಟು ದಪ್ಪವಾಗಿ, ಬುಡ ಅಗಲವಾಗಿ, ಗುಲಾಬಿಗೆಂಪಿಗೆ ತಿರುಗಿರುತ್ತದೆ, ಕೊಕ್ಕಿನ ಕೆಳಗಿನ ಜೋಲು ಆಗಲೇ ಬೆರಳಿಗೆ ಸಿಗುತ್ತದೆ. ಹ್ಯಾಟೆಯದು ತೆಳುವಾದ, ಮಾಸಲು ಹಳದಿ ಬಣ್ಣದ ಗರಗಸದಂತಿರುತ್ತದೆ. ಕಾಲನ್ನೂ ಮುಟ್ಟಿ ನೋಡಿ: ಒಂದೇ ದಿನ ಹುಟ್ಟಿದ ಮರಿಗಳಲ್ಲಿ ಹುಂಜದ ಕಾಲಿನ ನಳಿಗೆ ಹ್ಯಾಟೆಯದಕ್ಕಿಂತ ಗಟ್ಟಿಯಾಗಿಯೂ ಉದ್ದವಾಗಿಯೂ ಇರುತ್ತದೆ. ಗರಿ ಮೂಡುವುದರಲ್ಲಿ ಹ್ಯಾಟೆಯೇ ಮುಂದು. ಬೆನ್ನು ಮತ್ತು ಭುಜ ಇನ್ನೂ ಬೋಳಾಗಿ ಕಾಣುವ ಮರಿಗಳಲ್ಲಿ ಹುಂಜಗಳೇ ಹೆಚ್ಚು.

ಆದರೆ ಇವುಗಳಲ್ಲಿ ಯಾವ ಒಂದು ಗುರುತನ್ನೂ ನಂಬಿ ವ್ಯಾಪಾರ ಮಾಡಬೇಡಿ. ಸರಿಯಾದ ಗುರುತು ಸಿಗುವುದು ಹತ್ತರಿಂದ ಹನ್ನೆರಡು ವಾರಕ್ಕೆ. ಬಾಲದ ಬುಡದಲ್ಲಿ, ಸೊಂಟದ ಎರಡೂ ಪಕ್ಕ ಇಳಿಯುವ ಗರಿಯೊಂದನ್ನು ಬೆರಳಿನಲ್ಲಿ ಬಿಡಿಸಿ ನೋಡಿ. ಹುಂಜದ ಗರಿ ಕಿರಿದಾಗಿ, ಹೊಳಪಾಗಿ, ತುದಿಗೆ ಭರ್ಜಿಯಂತೆ ಚೂಪಾಗಿರುತ್ತದೆ. ಹ್ಯಾಟೆಯ ಗರಿಯ ತುದಿ ಉಗುರಿನಂತೆ ದುಂಡಗಿರುತ್ತದೆ. ಇದನ್ನು ಕಂಡ ಮೇಲೆ ನಾನು ಒಮ್ಮೆಯೂ ತಪ್ಪಿಲ್ಲ. ನಿಮ್ಮ ನಾಟಿ ಮರಿಗಳ ಜುಟ್ಟು ಗರಗಸದಂತೆ ನೆಟ್ಟಗಿರದೆ ಗಂಟುಗಂಟಾಗಿ ತಲೆಗೆ ಅಂಟಿಕೊಂಡಿದ್ದರೆ, ಅವುಗಳಲ್ಲಂತೂ ಜುಟ್ಟಿನಿಂದ ಬೇಗ ಏನೂ ತಿಳಿಯುವುದಿಲ್ಲ, ಗರಿಗೇ ಕಾಯಬೇಕು. ಕಾಲಿನ ಮುಳ್ಳನ್ನೂ ನಂಬಬೇಡಿ. ವಯಸ್ಸಾದ ಹೆಣ್ಣುಕೋಳಿಗೂ ಮುಳ್ಳು ಬರುವುದುಂಟು.

ಚೂಪು ಮೊಟ್ಟೆಯಿಂದ ಹುಂಜ, ದುಂಡು ಮೊಟ್ಟೆಯಿಂದ ಹ್ಯಾಟೆ ಎಂದು ನಮ್ಮ ಅತ್ತೆ ಕಾವಿಗೆ ಇಡುವಾಗ ಆರಿಸುತ್ತಿದ್ದರು. ಕೋಳಿಯಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ತಾಯಿಯ ವರ್ಣತಂತುವಿನಿಂದ ಮೊದಲೇ ತೀರ್ಮಾನವಾಗಿರುತ್ತದೆ, ಮೊಟ್ಟೆಯ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಎಷ್ಟೇ ಆರಿಸಿದರೂ ಅರ್ಧಕ್ಕರ್ಧ ಹುಂಜ ಬಂದೇ ಬರುತ್ತಿದ್ದವು.

ಗುರುತು ಹಾಕಲು ಕಾಲಿಗೆ ಬಣ್ಣದ ನೂಲು ಕಟ್ಟಿ, ಆದರೆ ಮರಿ ಬೆಳೆದಂತೆ ನೂಲು ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಸಡಿಲಾಗಿ ಕಟ್ಟಬೇಕು.

ಏಲಕ್ಕಿ ಗುಡ್ಡ (ಸಕಲೇಶಪುರ) ಉತ್ತರಿಸಿದ್ದು:

ಈಗ ಕಾಣುತ್ತಿರುವುದು ಹುಳುವಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮರಿಗಳನ್ನು ತೋಟಕ್ಕೆ ಬಿಟ್ಟ ಮೇಲೆ ಹುಳು ಬಂದೇ ಬರುತ್ತದೆ, ಆದ್ದರಿಂದ ಆ ಲೆಕ್ಕವನ್ನು ಈಗಲೇ ಹಾಕಿಕೊಳ್ಳಿ. ನಮ್ಮ ಕಡೆ ನೆಲ ವರ್ಷದ ಬಹುಭಾಗ ನೆರಳಿನಲ್ಲಿ ತೇವವಾಗಿಯೇ ಇರುವುದರಿಂದ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಹುಳುವಿದ್ದ ಕೋಳಿ ಸಾಯುವುದು ಕಡಿಮೆ. ಮೇವು ತಿನ್ನುತ್ತದೆ, ಎದೆಮೂಳೆ ಮಾತ್ರ ಕತ್ತಿಯಂತೆ ಕೈಗೆ ಸಿಗುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ.

ಹುಳು ಇದೆಯೋ ಇಲ್ಲವೋ ತಿಳಿಯಲು ನನ್ನದೊಂದು ಪದ್ಧತಿ ಇದೆ. ಮನೆಗೆ ಹುಂಜ ಕೊಯ್ದಾಗಲೆಲ್ಲ ಕರುಳನ್ನು ಹಾಗೇ ಎಸೆಯದೆ, ಒಂದು ಗೇಣಿನಷ್ಟನ್ನು ಉದ್ದಕ್ಕೆ ಸೀಳಿ ಬಟ್ಟಲಿನ ನೀರಿಗೆ ಬಿಡುತ್ತೇನೆ. ದುಂಡುಹುಳುವಿದ್ದರೆ ಒತ್ತು ಶಾವಿಗೆಯ ಎಳೆಯಂತೆ, ಎರಡರಿಂದ ನಾಲ್ಕು ಅಂಗುಲ ಉದ್ದದ ಬಿಳಿ ಹುಳುಗಳು ತೇಲುತ್ತವೆ. ಲಾಡಿಹುಳುವಾದರೆ ಚಪ್ಪಟೆಯಾಗಿ ಕರುಳಿನ ಗೋಡೆಗೆ ಕಚ್ಚಿಕೊಂಡಿರುತ್ತದೆ. ಬದುಕಿರುವ ಕೋಳಿಯ ಹೊಸ ಹಿಕ್ಕೆಯ ಮೇಲೆ ಅದರ ತುಂಡುಗಳು ಅಕ್ಕಿನುಚ್ಚಿನಂತೆ ಕಾಣಿಸುತ್ತವೆ. ಈ ವ್ಯತ್ಯಾಸ ತಿಳಿಯದೆ ಔಷಧಿ ತಂದರೆ ದುಡ್ಡು ನೀರಿಗೆ ಹಾಕಿದಂತೆ. ಪೈಪರಜೀನ್ ಬೆಳೆದ ದುಂಡುಹುಳುವನ್ನು ನಿಶ್ಚೇಷ್ಟಗೊಳಿಸಿ ಹೊರಹಾಕುತ್ತದೆ, ಅಷ್ಟೇ. ಲೆವಮಿಸೋಲ್, ಫೆನ್‌ಬೆಂಡಜೋಲ್, ಆಲ್ಬೆಂಡಜೋಲ್ ಇನ್ನೂ ಕೆಲವು ಬಗೆಯ ದುಂಡುಹುಳುಗಳ ಮೇಲೆ ಕೆಲಸ ಮಾಡುತ್ತವೆ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್‌ನಂಥದ್ದು ಬೇಕು. ಲಾಡಿಹುಳು ಕೋಳಿಗೆ ಬರುವುದು ಇರುವೆ, ಸಗಣಿಹುಳು, ನೊಣಗಳನ್ನು ತಿಂದು. ಗೊಬ್ಬರದ ಗುಂಡಿಯ ಮೇಲೆ ದಿನವಿಡೀ ಕೆದಕುವ ಕೋಳಿಗಳಲ್ಲಿ ಅದು ಮತ್ತೆಮತ್ತೆ ಬರುತ್ತಲೇ ಇರುತ್ತದೆ.

ಮೊದಲ ಸಲ ಏಳನೇ ವಾರಕ್ಕೆ ಕೊಡಿ, ದುಂಡುಹುಳು ಕಂಡಿದ್ದರೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ, ಆಮೇಲೆ ಹೊರಗೆ ಮೇಯುವ ಕೋಳಿಗೆ ಎರಡು ಮೂರು ತಿಂಗಳಿಗೊಮ್ಮೆ ಸಾಕು. ಕಣ್ಣಳತೆಯಲ್ಲಿ ಕೊಡುವುದು ಬೇಡ: ಐದಾರು ಕೋಳಿಗಳನ್ನು ಚೀಲದಲ್ಲಿ ಹಾಕಿ, ಮೆಣಸು ತೂಗುವ ಕೊಕ್ಕೆಯ ತಕ್ಕಡಿಗೆ ನೇತುಹಾಕಿ ಸರಾಸರಿ ತೂಕ ತೆಗೆದು, ಅದನ್ನು ಹಿಡಿದುಕೊಂಡು ಹೋಗಿ ಪಶುವೈದ್ಯರಲ್ಲಿ ಪ್ರಮಾಣ ಕೇಳಿ. ಕಡಿಮೆ ಕೊಟ್ಟರೆ ಹುಳುಗಳು ಔಷಧಿಗೆ ಒಗ್ಗಿಕೊಳ್ಳುತ್ತವೆ. ರಾತ್ರಿ ನೀರಿನ ಪಾತ್ರೆ ತೆಗೆದಿಟ್ಟು, ಬೆಳಿಗ್ಗೆ ಮೂರು ನಾಲ್ಕು ಗಂಟೆಯಲ್ಲಿ ಕುಡಿದು ಮುಗಿಸುವಷ್ಟೇ ನೀರಿನಲ್ಲಿ ಔಷಧಿ ಕಲಸಿಡಿ, ಮುಗಿಯುವವರೆಗೆ ಬಾಗಿಲು ತೆಗೆಯಬೇಡಿ. ಮಳೆಗಾಲದಲ್ಲಿ ಇದೇ ಮುಖ್ಯ. ನಾನೊಮ್ಮೆ ಔಷಧಿಯ ನೀರಿಟ್ಟು ಬಾಗಿಲು ತೆಗೆದುಬಿಟ್ಟಿದ್ದೆ, ಕೋಳಿಗಳೆಲ್ಲ ಅಂಗಳದ ಹೊಂಡದ ಮಳೆನೀರು ಕುಡಿದು ಬಂದವು, ಬಕೆಟ್ಟು ಸಂಜೆಯವರೆಗೂ ಹಾಗೇ ಇತ್ತು.

ಬೇವು, ಬೆಳ್ಳುಳ್ಳಿ, ಪಪ್ಪಾಯಿ ಬೀಜದ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ವರ್ಷ ಪೂರ್ತಿ ಪಪ್ಪಾಯಿ ಬೀಜವನ್ನೇ ಅರೆದು ಕೊಟ್ಟೆ. ಮಾರನೆಯ ವರ್ಷ ಕರುಳು ಸೀಳಿದಾಗ ಶಾವಿಗೆ ಮೊದಲಿನಷ್ಟೇ ಇತ್ತು. ಮೇವಿನ ಜೊತೆ ಕೊಡುವುದಕ್ಕೆ ನನ್ನ ಅಡ್ಡಿಯಿಲ್ಲ, ಔಷಧಿಯ ಬದಲಿಗೆ ಮಾತ್ರ ಬೇಡ.

ಹಳೆಯ ಪರೀಕ್ಷಕ (ಹಾಸನ) ಸೇರಿಸಿದ್ದು:

ಸಕಲೇಶಪುರದವರ ಮಾತಿಗೆ ಒಂದೇ ಸೇರ್ಪಡೆ. ಏಳನೇ ವಾರ ಹುಳುವಿನ ಔಷಧಿ ಎಂದದ್ದು ಸುಮ್ಮನೆ ಅಲ್ಲ. ಎಂಟನೇ ವಾರದಲ್ಲಿ ಕೊಕ್ಕರೆ ರೋಗಕ್ಕೆ ಆರ್‌-2-ಬಿ ಲಸಿಕೆಯನ್ನು ಚರ್ಮದ ಕೆಳಗೆ 0.5 ಮಿ.ಲೀ. ಚುಚ್ಚಬೇಕು, ಹೊಟ್ಟೆಯಲ್ಲಿ ಹುಳುವಿಟ್ಟುಕೊಂಡು ಸೊರಗಿದ ಕೋಳಿಯಲ್ಲಿ ಲಸಿಕೆ ಸರಿಯಾಗಿ ನಾಟುವುದಿಲ್ಲ. ಈ ಲಸಿಕೆ ಲಸೋಟಾದಷ್ಟು ಸೌಮ್ಯವಲ್ಲ, ಮೊದಲು ಲಸೋಟಾ ಆಗಿರದ ಮರಿಗಳಿಗೆ ಅಪಾಯ. ನಿಮ್ಮ ಸ್ವರ್ಣಧಾರ ಮರಿಗಳಿಗೆ ಎರಡು ಸಲ ಆಗಿದೆ, ಚಿಂತೆಯಿಲ್ಲ. ನಾಟಿ ಮರಿಗಳಿಗೆ ಏನೂ ಆಗಿಲ್ಲವಾದ್ದರಿಂದ ಅವಕ್ಕೆ ಮೊದಲು ಲಸೋಟಾ ಹಾಕಿಸಿ. ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟಾದರೂ ಇರುತ್ತದೆ, ಕಲಸಿದ ಮೇಲೆ ಉಳಿಸಲು ಬರುವುದಿಲ್ಲ. ಅಕ್ಕಪಕ್ಕದ ಮನೆಗಳವರು ಒಂದೇ ದಿನ ಗೊತ್ತುಮಾಡಿಕೊಳ್ಳಿ.

ಮೊಟ್ಟೆಗೆಂದು ಉಳಿಸುವ ಹ್ಯಾಟೆಗಳಿಗೆ ಬೇಗ ಮೊಟ್ಟೆ ಬರಲಿ ಎಂದು ಮೊಟ್ಟೆಕೋಳಿಯ ಮೇವು ಹಾಕಬೇಡಿ. ಅದರಲ್ಲಿರುವ ಸುಣ್ಣದ ಅಂಶ ಎಳೆಯ ಕೋಳಿಯ ಮೂತ್ರಪಿಂಡವನ್ನು ಕೆಡಿಸುತ್ತದೆ.

ಕಣಿವೆಮನೆ (ಮೂಡಿಗೆರೆ ತಾಲ್ಲೂಕು) ಮತ್ತೆ ಬರೆದದ್ದು, ಎಂಟು ದಿನಗಳ ಬಳಿಕ:

ಎಲ್ಲರಿಗೂ ಕೃತಜ್ಞತೆಗಳು. ನಾನು ಕೇಳಿದ ಮರುದಿನ ಬೆಳಿಗ್ಗೆ ಇನ್ನೊಂದು ಮರಿ ಸತ್ತಿತ್ತು. ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ದೆ. ವೈದ್ಯರು ಕೊಯ್ದು ತೋರಿಸಿದಾಗ ಎರಡೂ ಕುರುಡುಗರುಳುಗಳು (ಕರುಳಿಗೆ ಅಂಟಿಕೊಂಡ ಚೀಲದಂಥ ಭಾಗಗಳು) ಊದಿ, ಒಳಗೆ ಹೆಪ್ಪುಗಟ್ಟಿದ ರಕ್ತ ತುಂಬಿತ್ತು. ಹುಳು ಒಂದೂ ಇರಲಿಲ್ಲ. ಆಂಪ್ರೋಲಿಯಂ ಐದು ದಿನ ಮುಗಿದು ಈಗ ಅರ್ಧ ಪ್ರಮಾಣ ನಡೆಯುತ್ತಿದೆ. ಆಮೇಲೆ ಯಾವುದೂ ಸಾಯಲಿಲ್ಲ, ಹಿಕ್ಕೆ ಗಟ್ಟಿಯಾಗಿದೆ. ಹೊಟ್ಟು ಹಿಂಡಿ ನೋಡಿದ ದಿನ ಗಟ್ಟಿ ಉಂಡೆಯಾಗಿ ಕೈಯಲ್ಲೇ ನಿಂತಿತ್ತು, ಇಡೀ ಹೊಟ್ಟನ್ನು ತೆಗೆಸಿ ಹೊಸದು ಹಾಕಿದ್ದೇನೆ.

ನಿನ್ನೆ ರಾತ್ರಿ ಅರಸೀಕೆರೆ ಅಕ್ಕ ಹೇಳಿದಂತೆ ಬೆಳಕು ಮರೆಮಾಡಿ 27 ಮರಿಗಳನ್ನೂ ನೋಡಿದೆ. 11 ಮರಿಗಳ ಜುಟ್ಟು ಸ್ಪಷ್ಟವಾಗಿ ಗುಲಾಬಿಗೆಂಪು, ಕಾಲೂ ದಪ್ಪ. 12 ಮರಿಗಳದು ಮಾಸಲು ಹಳದಿ. ಉಳಿದ 4 ಮರಿಗಳಲ್ಲಿ ಜುಟ್ಟಿಗೆ ಬಣ್ಣವಿದೆ, ಕಾಲು ಸಣ್ಣ. ಇವನ್ನು ಯಾವ ಕಡೆ ಸೇರಿಸಲಿ? ಅಮಾವಾಸ್ಯೆಗೆ ಎಷ್ಟು ಹುಂಜ ಕೊಡಬಲ್ಲೆ ಎಂದು ಈಗಲೇ ಹೇಳಿ ಎನ್ನುತ್ತಿದ್ದಾರೆ.

ಕಲ್ಪತರು ಹಿತ್ತಲು (ಅರಸೀಕೆರೆ) ಉತ್ತರಿಸಿದ್ದು:

ಆ ನಾಲ್ಕಕ್ಕೆ ಯಾವ ಬಣ್ಣದ ನೂಲನ್ನೂ ಕಟ್ಟಬೇಡಿ. ರಕ್ತಭೇದಿಯಿಂದ ಚೇತರಿಸಿಕೊಂಡ ಮರಿಗಳ ಜುಟ್ಟು ಸ್ವಲ್ಪ ದಿನ ಬಿಳಿಚಿಕೊಂಡೇ ಇರುವುದರಿಂದ, ನಿಮ್ಮ ಹನ್ನೆರಡರಲ್ಲೂ ಒಂದೆರಡು ಹುಂಜ ಅಡಗಿರಬಹುದು. ಮೊದಲು ಮಂಕಾಗಿದ್ದ ಮರಿಗಳು ಯಾವುವೆಂದು ನೆನಪಿದ್ದರೆ ಅವನ್ನೂ ಅನುಮಾನದ ಕಡೆಗೇ ಇಡಿ. ಆಗಸ್ಟ್ ಕೊನೆಗೆ ಹನ್ನೆರಡು ವಾರ ತುಂಬುತ್ತದೆ, ಆಗ ಸೊಂಟದ ಗರಿ ನೋಡಿ. ಹನ್ನೊಂದರಲ್ಲಿ ಚೆನ್ನಾಗಿ ಬೆಳೆಯುವ ಒಂದನ್ನು ಹ್ಯಾಟೆಗಳ ಜೊತೆಗೆ ಉಳಿಸಿಕೊಳ್ಳಬೇಕಲ್ಲ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಬೇಕು. ಮಾತು ಕೊಡುವುದಾದರೆ ಎಂಟಕ್ಕೆ ಕೊಡಿ, ಮುಂಗಡ ಮಾತ್ರ ಗರಿ ನೋಡಿದ ಮೇಲೆ ತೆಗೆದುಕೊಳ್ಳಿ.